ಪೆಟ್ಟಿಗೆಯಲ್ಲಿದ್ದ ಕೈ

ನಾನು ಸಣ್ಣವಳಿದ್ದ ಕಾಲಕ್ಕೆ ನಮ್ಮ ಇನ್ನಂಜೆಯ ಮನೆಯಲ್ಲಿ ಎಲ್ಲದಕ್ಕೂ ಒಂದೇ ಎಣ್ಣೆ. ತಲೆಗೂ ಅದೇ, ಒಗ್ಗರಣೆಗೂ ಅದೇ. ಕಿವಿನೋವಿಗೆ, ಬಾವಿಯ ರಾಟೆಗೆ, ಕಿರುಗುಟ್ಟುವ ಬಾಗಿಲಿಗೆ, ಅಮ್ಮನ ಹೊಲಿಗೆ ಮೆಷಿನ್ನಿಗೆ, ಎಲ್ಲಕ್ಕೂ ತೆಂಗಿನೆಣ್ಣೆ. ಅಜ್ಜಿಗೆ ಅದರ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇತ್ತೋ ಇಲ್ಲವೋ ನನಗೆ ಸಂಶಯ. ನೀವು ಕರಾವಳಿಯಲ್ಲಿ ಬೆಳೆದವರಾದರೆ ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅಜ್ಜಿ, ಅಂಥ ಒಂದು ಜಿಡ್ಡು ಬಾಟಲಿ ಇದ್ದೇ ಇರುತ್ತದೆ. ಆ ಬಾಟಲಿಯ ದೆಸೆಯಿಂದ ಒಂದು ಡಿಸೆಂಬರಿನಲ್ಲಿ ನಮಗಾದ ಫಜೀತಿಯನ್ನು ಬರೆಯೋಣವೆಂದು ಕುಳಿತಿದ್ದೇನೆ. ಅದು ಅಪ್ಪ ತೀರಿಕೊಂಡ ವರ್ಷ.

ಅಪ್ಪ ಗಲ್ಫಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ, ಸಾಬೂನು ಮತ್ತು ಸೆಂಟಿನ ವಾಸನೆಯ ಒಬ್ಬ ಮನುಷ್ಯ. ಬಂದ ಹೊಸತರಲ್ಲಿ ನನಗೆ ಅವರ ಹತ್ತಿರ ಮಾತಾಡಲು ನಾಚಿಕೆ. ನಾಚಿಕೆ ಬಿಡುವ ಹೊತ್ತಿಗೆ ಅವರ ರಜೆ ಮುಗಿದಿರುತ್ತಿತ್ತು. ಕೊನೆಯ ಸಲ ಬಂದಾಗ ಕಾರ್ಕಳದ ಒಬ್ಬ ಡಾಕ್ಟರರ ಹಳೆಯ ಒಮ್ನಿ ವ್ಯಾನು ಕೊಂಡರು. ಅಮ್ಮ ಬೇಡ ಬೇಡವೆಂದರೂ ಕೇಳದೆ ಅವಳನ್ನು ಕಾಪುವಿನ ಡ್ರೈವಿಂಗ್ ಸ್ಕೂಲಿಗೆ ಸೇರಿಸಿ ಲೈಸೆನ್ಸ್ ಮಾಡಿಸಿದರು. ವ್ಯಾನಿನ ಜೊತೆ ಡಾಕ್ಟರರು ಎರಡು ಕೀ ಕೊಟ್ಟಿದ್ದರು. ಒಂದು ದಿನಾ ಬಳಸಿ ಬಳಸಿ ಹಲ್ಲು ಸವೆದು ನುಣ್ಣಗಾದದ್ದು. ಇನ್ನೊಂದು ಕಪಾಟಿನಲ್ಲೇ ಕುಳಿತು ಹೊಸತರಂತೆ ಉಳಿದದ್ದು. ಹೊರಡುವ ದಿನ ಅಪ್ಪ ಆ ಹೊಸತನ್ನು ತಮ್ಮ ಕೀಗೊಂಚಲಿಗೆ ಸಿಕ್ಕಿಸಿಕೊಂಡರು.

"ಅದು ಎಂತಕ್ಕೆ ಅಲ್ಲಿಗೆ?" ಎಂದಳು ಅಮ್ಮ.

"ಒಂದು ನನ್ನ ಹತ್ತಿರ ಇರಲಿ. ನನ್ನ ಗಾಡಿ ಅಲ್ವಾ?"

"ಇರಲಿ, ಇರಲಿ. ಅಲ್ಲಿ ಕೂತು ಇಲ್ಲಿ ಸ್ಟಾರ್ಟ್ ಮಾಡಿ."

ಅಪ್ಪ ಜೋರಾಗಿ ನಕ್ಕರು. ಅವರ ಬಗ್ಗೆ ನನಗೆ ನೆನಪಿದೆ ಎಂದು ಹೇಳುವ ಹೆಚ್ಚಿನದೆಲ್ಲ ಫೋಟೊ ನೋಡಿ ಮಾಡಿಕೊಂಡದ್ದು. ಆ ನಗು ಮಾತ್ರ ನನ್ನ ಸ್ವಂತದ್ದು.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಬರೆಯುವಾಗ ಅದೆಲ್ಲ ಕನ್ನಡವಾಗಿದೆ. ಆದರೆ ಒಂದು ಶಬ್ದ ಎರಡರಲ್ಲೂ ಒಂದೇ. ಅಮ್ಮನ ತಾಯಿಯಾದ ನಮ್ಮ ಅಜ್ಜಿ ಕೀ ಎನ್ನುತ್ತಿರಲಿಲ್ಲ, ಬೀಗದ ಕೈ ಎನ್ನುತ್ತಿದ್ದಳು. ಅದೂ ಉದ್ದವಾಯಿತೆಂದು ಬರೀ ಕೈ. "ಕಪಾಟಿನ ಕೈ ಎಲ್ಲಿ?" "ವ್ಯಾನಿನ ಕೈ ಮೊಳೆಗೆ ಹಾಕು ಮಗಾ." ಇದು ನನಗೆ ಗೊತ್ತಿದ್ದದ್ದೇ. ಆದರೆ ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಾಗುವುದಿಲ್ಲ.

ಮಳೆ ಹಿಡಿಯುವ ಸ್ವಲ್ಪ ಮೊದಲು ಫೋನು ಬಂತು. ಎದೆನೋವು ಅಂತೆ, ರೂಮಿನಲ್ಲೇ ಅಂತೆ. ಕೆಲವು ದಿನ ಕಳೆದು ಉದ್ದದ ಒಂದು ಮರದ ಪೆಟ್ಟಿಗೆ ಅಂಗಳಕ್ಕೆ ಬಂತು. ಮುಖದ ಮೇಲಿನದ್ದನ್ನು ಮಾತ್ರ ಸರಿಸಿ ತೋರಿಸಿದರು. ಉಳಿದದ್ದೆಲ್ಲ ಬಿಳಿ ಬಟ್ಟೆ. ನನಗೆ ಅಳು ಬರಲಿಲ್ಲ. "ಪಾಪ, ಮಗುವಿಗೆ ತಿಳಿಯುವುದಿಲ್ಲ" ಎಂದು ನೆರೆಮನೆಯವರು ಹೇಳಿದ್ದು ಕೇಳಿಸಿತು. ನನಗೆ ತಿಳಿದಿತ್ತು. ತಿಳಿದ ಮೇಲೆ ಏನು ಮಾಡಬೇಕೆಂದು ತಿಳಿದಿರಲಿಲ್ಲ. ಅಮ್ಮನೂ ಅಳಲಿಲ್ಲ. ಬಂದವರಿಗೆಲ್ಲ ಕೂರಲು ಚಾಪೆ ಹಾಕುತ್ತಾ ತಿರುಗಿದಳು.

ಮಳೆಗಾಲದ ನಡುವೆ ಅಪ್ಪನ ರೂಮಿನಲ್ಲಿದ್ದ ಎರ್ಮಾಳಿನವರೊಬ್ಬರು ರಜೆಯಲ್ಲಿ ಬಂದವರು ಅಪ್ಪನ ಸೂಟ್‌ಕೇಸು ತಂದುಕೊಟ್ಟರು. ನೀಲಿ ಬಣ್ಣದ್ದು, ಸುತ್ತ ಹಗ್ಗ ಬಿಗಿದದ್ದು. ಅಮ್ಮ ಕಂಬಕ್ಕೆ ಒರಗಿ ನಿಂತೇ ಇದ್ದಳು. ಮಾತಾಡಿದ್ದು ಅಜ್ಜಿ.

"ಅಳಿಯನ ಕೈ ಈ ಪೆಟ್ಟಿಗೆಯಲ್ಲೇ ಉಂಟಾ?"

"ಉಂಟು ಅಜ್ಜಿ. ನಾನೇ ನೋಡಿ ಹಾಕಿದ್ದು."

ನಾನು ಬಾಗಿಲ ಹಿಂದಿದ್ದೆ. ಮರದ ಪೆಟ್ಟಿಗೆಯಲ್ಲಿ ನಾನು ಅಪ್ಪನ ಕೈ ನೋಡಿರಲಿಲ್ಲ. ಈಗ ಇವರು ಕೈ ಈ ಪೆಟ್ಟಿಗೆಯಲ್ಲಿ ಉಂಟು ಎನ್ನುತ್ತಿದ್ದಾರೆ. ಎರಡನ್ನೂ ಸೇರಿಸಿ ನಾನು ನನ್ನದೇ ಲೆಕ್ಕ ಹಾಕಿಕೊಂಡೆ. ಯಾರಲ್ಲೂ ಕೇಳಲಿಲ್ಲ. ಅಮ್ಮ ಸೂಟ್‌ಕೇಸನ್ನು ಒಳಕೋಣೆಯ ಮಂಚದ ಅಡಿಗೆ ತಳ್ಳಿದಳು. ಆ ಮಂಚದ ಮೇಲೆಯೇ ನಾನೂ ಅವಳೂ ಮಲಗುವುದು. ಆಮೇಲೆ ನಾನು ಕಾಲು ಕೆಳಗೆ ಇಳಿಬಿಟ್ಟು ಕೂರುವುದನ್ನು ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ಅದು ಬರೀ ಹೆದರಿಕೆಯೂ ಆಗಿರಲಿಲ್ಲ. ಒಂದು ಕೈಯಾದರೂ ಮನೆಯಲ್ಲಿ ಉಂಟಲ್ಲ ಎಂದೂ ಅನಿಸುತ್ತಿತ್ತು.

ಅಮ್ಮ ಮಾತು ಕಡಿಮೆ ಮಾಡಿದ್ದಳು. ಊಟ ಹಾಕು ಎಂದರೆ ಹಾಕುತ್ತಿದ್ದಳು, ಕೂತುಕೋ ಎಂದರೆ ಕೂರುತ್ತಿದ್ದಳು. ಮಳೆ ಇಳಿಯುವ ಸೋಣ ತಿಂಗಳು ಕಳೆದ ಮೇಲೆ ನೆರೆಯವರೊಬ್ಬರು ತಮ್ಮ ಮಕ್ಕಳನ್ನೂ ನನ್ನ ಜೊತೆ ಕಾಪುವಿನ ಶಾಲೆಗೆ ಬಿಡುತ್ತೀರಾ ಎಂದು ಕೇಳಿದರು. ಅಮ್ಮ ಹೂಂ ಎಂದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ವ್ಯಾನು ತುಂಬಿತು. ಆಗ ಒಂದು ಆಶ್ಚರ್ಯ ನಡೆಯಿತು. ಮನೆಯಲ್ಲಿ ಬಾಯಿ ತೆರೆಯದ ಅಮ್ಮ ವ್ಯಾನಿನ ಸ್ಟೇರಿಂಗ್ ಹಿಡಿದ ಕೂಡಲೇ ಮೊದಲಿನ ಅಮ್ಮನಾಗಿಬಿಡುತ್ತಿದ್ದಳು.

"ಕೈ ಹೊರಗೆ ಹಾಕ್ಬೇಡ ಅಂದೆ ಅಲ್ವಾ! ಯಾರದ್ದು ಟಿಫಿನ್ ಈಗಲೇ ಓಪನ್ ಆದದ್ದು?"

ವ್ಯಾನಿನೊಳಗೆ ನೀರುದೋಸೆಯ ವಾಸನೆ, ಎಣ್ಣೆ ಹಾಕಿದ ತಲೆಗಳ ವಾಸನೆ, ಹುಡುಗಿಯರ ಜಡೆಯ ಮಲ್ಲಿಗೆ. ಹೈವೇ ಸಿಕ್ಕಿದ ಮೇಲೆ ನಮ್ಮ ಆಟ ಶುರು. ಎದುರಿನಿಂದ ಬರುವ ಬಸ್ಸಿನ ಹೆಸರನ್ನು ದೂರದಿಂದಲೇ ಓದಿ ಮೊದಲು ಕೂಗಿದವರಿಗೆ ಗೆಲುವು. ಅಮ್ಮ ಕೆಲವೊಮ್ಮೆ ನಮಗಿಂತ ಮೊದಲು ಕೂಗಿ, "ನಾನು ಎದುರು ಕೂತದ್ದು ಮೋಸ ಅಲ್ವಾ?" ಎಂದು ನಗುತ್ತಿದ್ದಳು. ಆ ನಗುವಿಗಾಗಿ ನಾನು ಜ್ವರ ಬಂದರೂ ಶಾಲೆಗೆ ಹೋಗುತ್ತಿದ್ದೆ. ಸಂಜೆ ಮನೆಗೆ ಬಂದು ಕೀ ತೆಗೆದು ಮೊಳೆಗೆ ಹಾಕಿದಳೆಂದರೆ ಮತ್ತೆ ಮೌನ. ವ್ಯಾನು ಹೋದರೆ ಅಮ್ಮನ ಸ್ವರವೂ ಹೋಗುತ್ತದೆ ಎಂದು ನನಗೆ ಖಂಡಿತ ಗೊತ್ತಿತ್ತು.

ಹೋಗುವ ಲಕ್ಷಣವೂ ಕಾಣಿಸಿತ್ತು. ಅಮ್ಮನ ಅಣ್ಣ, ನನ್ನ ಕಾರ್ಕಳದ ಮಾವ, ಬಂದಾಗಲೆಲ್ಲ ಅದೇ ಮಾತು. "ಎಂತಕ್ಕೆ ಮಾರಾಯ್ತಿ ನಿನಗೆ ಈ ರಗಳೆ? ಗಾಡಿ ಕೊಟ್ಟುಬಿಡುವ. ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಕಾರ್ಕಳಕ್ಕೆ ಬಾ. ಮೇಲಿನ ರೂಮು ಖಾಲಿ ಉಂಟು." ಮಾವ ಕೆಟ್ಟವರಲ್ಲ. ಬರುವಾಗ ನನಗೆ ಚಕ್ಕುಲಿ ತರದೆ ಬಂದವರೇ ಅಲ್ಲ. ಅದಕ್ಕೇ ಅವರ ಮಾತಿಗೆ ಇಲ್ಲ ಎನ್ನುವುದು ಅಮ್ಮನಿಗೆ ಕಷ್ಟವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಕೀ ಹಟ ಮಾಡತೊಡಗಿತು. ಹಾಕಿದರೆ ಹೋಗುತ್ತದೆ, ತಿರುಗುವುದಿಲ್ಲ. ಸ್ವಲ್ಪ ಹೊರಗೆಳೆದು, ಸ್ವಲ್ಪ ಮೇಲೆತ್ತಿ, ಅತ್ತಿತ್ತ ಅಲುಗಾಡಿಸಿದರೆ ತಿರುಗುತ್ತದೆ. ಅಜ್ಜಿ ಇದನ್ನು ಜಗಲಿಯಿಂದ ನೋಡಿದಳು. ಒಂದು ಬೆಳಿಗ್ಗೆ ಬಾಟಲಿ ಹಿಡಿದುಕೊಂಡು ಬಂದು, ಕಿವಿಗೆ ಬಿಡುವ ಹಾಗೆ, ಕೀ ಹಾಕುವ ತೂತಿಗೆ ಧಾರಾಳವಾಗಿ ತೆಂಗಿನೆಣ್ಣೆ ಬಿಟ್ಟಳು. ಕೀ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು.

"ನೋಡಿದ್ಯಾ? ಗ್ಯಾರೇಜಿಗೆ ಹೋಗ್ಲಿಕ್ಕೆ ಹೊರಟಿದ್ದಿ ನೀನು," ಎಂದು ಅಜ್ಜಿ ಬೀಗಿದಳು. ಆಮೇಲೆ ದಿನಕ್ಕೊಂದು ಸಲ ಎಣ್ಣೆ ಬಿಡುವುದು ಅವಳ ನಿತ್ಯದ ಪೂಜೆಯಂತಾಯಿತು.

ಹಾಗೇ ಡಿಸೆಂಬರ್ ಬಂತು. ಕೊಯ್ಲಾದ ಗದ್ದೆಯಲ್ಲಿ ಉದ್ದು ಮೊಳಕೆಯೊಡೆದು, ಬೆಳಿಗ್ಗೆ ಹೊಗೆಯಂಥ ಮಂಜು ಕೂರುವ ಕಾಲ. ಒಂದು ಬೆಳಿಗ್ಗೆ ಕೀ ತಿರುಗಲೇ ಇಲ್ಲ. ಮಕ್ಕಳೆಲ್ಲ ಗೇಟಿನಲ್ಲಿ ಬ್ಯಾಗು ಹೊತ್ತು ನಿಂತಿದ್ದಾರೆ. ನೆರೆಮನೆಯ ಸಂಜೀವಣ್ಣ ಬಂದು, "ದೂಡುವ, ದೂಡಿದರೆ ಸ್ಟಾರ್ಟ್ ಆಗ್ತದೆ," ಎಂದರು. ಕೀಯೇ ತಿರುಗದ ಗಾಡಿ ದೂಡಿದರೆ ಎಂತ ಆಗಬೇಕು? ನಮಗೆ ದೂಡುವುದೇ ಖುಷಿ. ಎಲ್ಲ ಸೇರಿ ದೂಡಿದೆವು. ಸ್ಟೇರಿಂಗ್ ಲಾಕ್ ಆಗಿದ್ದ ವ್ಯಾನು ಮೆಲ್ಲಗೆ ಹೋಗಿ ಅಜ್ಜಿಯ ಮಲ್ಲಿಗೆ ಗಿಡಗಳ ಮೇಲೆ ಹತ್ತಿ ನಿಂತಿತು. ಅಜ್ಜಿ ಸಂಜೀವಣ್ಣನಿಗೆ ಅಂದು ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಧ್ಯಾಹ್ನ ಅಮ್ಮ ಸುಮ್ಮನೆ ಒಮ್ಮೆ ಕೀ ಹಾಕಿ ನೋಡಿದರೆ ಸಲೀಸಾಗಿ ತಿರುಗಿತು. ಮರುದಿನ ಬೆಳಿಗ್ಗೆ ಮತ್ತೆ ಇಲ್ಲ. ಬೆಳಿಗ್ಗೆ ಹಟ, ಮಧ್ಯಾಹ್ನ ಸರಿ. ಅಜ್ಜಿ ದೃಷ್ಟಿ ಎಂದಳು. ಮಕ್ಕಳ ಮನೆಯವರು ರಿಕ್ಷಾ ನೋಡಿಕೊಳ್ಳುತ್ತೇವೆ ಎನ್ನತೊಡಗಿದರು. ಸುದ್ದಿ ಕಾರ್ಕಳಕ್ಕೂ ಮುಟ್ಟಿತು. ಭಾನುವಾರ ಗಾಡಿ ನೋಡಲು ಒಬ್ಬರನ್ನು ಕರೆದುಕೊಂಡು ಬರುತ್ತೇನೆಂದು ಮಾವ ಫೋನು ಮಾಡಿದರು. ಅಮ್ಮ ಆಯಿತು ಎಂದು ಫೋನಿಟ್ಟಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಜಡೆ ಹಾಕಲು ಕೂತ ಅಮ್ಮ ಎಣ್ಣೆ ಬಾಟಲಿ ಬಗ್ಗಿಸಿದಳು. ಎಣ್ಣೆ ಬರಲಿಲ್ಲ. ಚಳಿಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಪ್ರತಿ ವರ್ಷ ಆಗುವುದೇ. ಬಾಟಲಿಯನ್ನು ಬಚ್ಚಲ ಒಲೆಯ ಹತ್ತಿರ ಇಟ್ಟು ಕರಗಿಸುವುದೂ ಪ್ರತಿ ವರ್ಷದ್ದೇ. ಅಮ್ಮ ಒಲೆಯ ಮುಂದೆ ಬಾಟಲಿ ಹಿಡಿದು ಕೂತವಳು ಕೂತೇ ಇದ್ದಳು. ಬಾಚಣಿಗೆ ನನ್ನ ತಲೆಯಲ್ಲೇ ಸಿಕ್ಕಿಕೊಂಡಿತ್ತು.

"ಅಮ್ಮಾ," ಎಂದು ಅವಳು ಅಜ್ಜಿಯನ್ನು ಕರೆದಳು. "ಇದೇ ಅಲ್ವಾ ನೀನು ಅದರ ಒಳಗೆ ಹೊಯ್ದದ್ದು?"

ಅಜ್ಜಿ ಬಾಟಲಿ ನೋಡಿದಳು, ವ್ಯಾನು ನೋಡಿದಳು, ಮಲ್ಲಿಗೆ ಗಿಡದ ಕಡೆ ಹೋದಳು.

ಅಂದು ಮಧ್ಯಾಹ್ನ ಎಣ್ಣೆ ಕರಗಿದ ಹೊತ್ತು ನೋಡಿ ಅಮ್ಮ ನನ್ನನ್ನೂ ಕೂರಿಸಿಕೊಂಡು ಉಡುಪಿಗೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಕೀ ಮಾಡುವವನ ಗೂಡಂಗಡಿ. ಘಟ್ಟದ ಮೇಲಿನ ಕಡೆಯವನು, ಮಾತು ನಮಗೆ ಹೊಸತು. ಅವನು ಕೀ ಹೊರಗೆಳೆದು ಮೂಸಿ ನೋಡಿ ನಕ್ಕುಬಿಟ್ಟ.

"ಯಾರ್ರೀ ಅಕ್ಕಾರ, ಇದಕ್ಕ ಕೊಬ್ಬರಿ ಎಣ್ಣಿ ಹಚ್ಚಿದವ್ರು? ತಲಿ ಬಾಚೂದೊಂದು ಬಾಕಿ ಐತಿ ನೋಡ್ರಿ."

ಅಮ್ಮನಿಗೂ ನಗು ಬಂತು. ಅವನು ತೂತಿಗೆ ಪೆಟ್ರೋಲು ಬಿಟ್ಟು ತೊಳೆದು, ಗಾಳಿ ಊದಿ, ಪೆನ್ಸಿಲಿನ ಸೀಸ ಹೆರೆದು ಪುಡಿ ಮಾಡಿ ಹಾಕಿದ. ಎಣ್ಣೆ ಹೋಯಿತು, ಹಳೆಯ ಹಟ ಹೋಗಲಿಲ್ಲ. ಕೀಯನ್ನು ಬೆಳಕಿಗೆ ಹಿಡಿದು ಹಲ್ಲು ತೋರಿಸಿದ.

"ಪೂರಾ ಸವದಾವ್ರಿ. ಇದನ್ನ ನೋಡಿ ಹೊಸಾದು ಕೊರದ್ರ ಅದೂ ಸವದದ್ದ ಆಗ್ತದ. ಇನ್ನೊಂದು ಕೀ ಇರಬೇಕಲ್ರಿ? ಅದನ್ನ ತರ್ರಿ, ಅದರ ಮ್ಯಾಲೆ ಕೊರದು ಕೊಡ್ತೀನಿ."

"ಅದು ಇಲ್ಲಿ ಇಲ್ಲ," ಎಂದಳು ಅಮ್ಮ.

"ಎಲ್ಲೈತ್ರಿ?"

"ಗಲ್ಫಿನಲ್ಲಿ. ನಮ್ಮವರ ಹತ್ತಿರ."

"ಹಂಗಾದ್ರ ಸಾಹೇಬ್ರು ಬಂದಾಗ ತರ್ರಿ."

"ಆಯಿತು," ಎಂದಳು ಅಮ್ಮ.

ಬರುವಾಗ ದಾರಿಯುದ್ದಕ್ಕೂ ಬಸ್ಸುಗಳು ಎದುರಾದವು. ನಾನೊಬ್ಬಳೇ ಎರಡು ಮೂರು ಹೆಸರು ಕೂಗಿ ಸುಮ್ಮನಾದೆ. ಅಮ್ಮ ಸುಳ್ಳು ಹೇಳಿದಳೆಂದು ನನಗೆ ಅನಿಸಲಿಲ್ಲ. ಅವಳು ಅದನ್ನು ಹೇಳಿದ ರೀತಿ ಹಾಗಿತ್ತು, ಹೌದಲ್ಲ, ಅವರು ಅಲ್ಲಿ ಇದ್ದಾರಲ್ಲ ಎಂದು ಒಂದು ಕ್ಷಣ ನನಗೂ ನಂಬಿಕೆ ಬಂದಿತ್ತು. ಆ ಸೂಟ್‌ಕೇಸಿನ ಹಗ್ಗ ಬಿಚ್ಚದಿರುವಷ್ಟು ದಿನ ಹಾಗೆ ನಂಬಲು ಅವಳಿಗೂ ಅಡ್ಡಿ ಇರಲಿಲ್ಲವೇನೋ. ಇದು ಈಗ ಹೊಳೆಯುವ ಮಾತು. ಆಗ ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ ಅಷ್ಟೆ.

ಭಾನುವಾರ ಬೆಳಿಗ್ಗೆ ಕೀ ಪೂರ್ತಿ ಕೈಕೊಟ್ಟಿತು. ಅಲುಗಾಡಿಸಿದರೂ ಇಲ್ಲ, ಎತ್ತಿದರೂ ಇಲ್ಲ. ಮಾವ ಗಿರಾಕಿಯನ್ನು ಕರೆದುಕೊಂಡು ಇನ್ನು ಸ್ವಲ್ಪ ಹೊತ್ತಿನಲ್ಲಿ ಬರುವವರು. ಅಮ್ಮ ವ್ಯಾನಿನಿಂದ ಇಳಿದು ಜಗಲಿಯಲ್ಲಿ ಕೂತಳು. ಅಜ್ಜಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಆ ಚಳಿಗೆ ಹೂವೇ ಕಡಿಮೆ, ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದಳು.

"ಅಳಿಯನ ಕೈ ಪೆಟ್ಟಿಗೆಯಲ್ಲಿ ಉಂಟಲ್ಲ ಮಗಾ," ಎಂದಳು ಅಜ್ಜಿ. ಅಮ್ಮನಿಗೆ, ತಲೆ ಎತ್ತದೆ. "ಎಷ್ಟು ದಿನ ಅಂತ ಅದನ್ನು ಹಾಗೆ ಇಡುವುದು?"

ನಾನು ಜಗಲಿಯಿಂದ ಇಳಿಬಿಟ್ಟಿದ್ದ ಕಾಲನ್ನು ಮೇಲೆಳೆದುಕೊಂಡೆ. ಅಮ್ಮ ಎದ್ದಳು. ಒಳಕೋಣೆಗೆ ಹೋಗಿ ಮಂಚದಡಿಯಿಂದ ಸೂಟ್‌ಕೇಸು ಎಳೆದ ಸದ್ದು ಕೇಳಿಸಿತು. ನಾನು ಹೋಗಬಾರದು ಎಂದುಕೊಂಡೇ ಹೋಗಿ ಬಾಗಿಲಲ್ಲಿ ನಿಂತೆ. ಅಮ್ಮ ಕತ್ತಿಯಿಂದ ಹಗ್ಗ ಕೊಯ್ದಳು. ಮುಚ್ಚಳ ತೆಗೆದ ಕೂಡಲೇ ರಜೆಯಲ್ಲಿ ಬಂದ ಅಪ್ಪನ ವಾಸನೆ ಕೋಣೆಯಿಡೀ ತುಂಬಿತು. ಅದರ ಜೊತೆಗೇ ಮಳೆಗಾಲದ ಬೂಸಲಿನ ವಾಸನೆ. ಅಮ್ಮ ಒಂದೊಂದೇ ಹೊರಗಿಟ್ಟಳು. ಮಡಚಿದ ಶರ್ಟು. ಶೇವಿಂಗ್ ಬ್ರಷ್ಷು. ಅರ್ಧ ಹಿಂಡಿದ ಪೇಸ್ಟು. ಯಾವುದನ್ನೂ ಎದೆಗೆ ಒತ್ತಿಕೊಳ್ಳಲಿಲ್ಲ, ಮೂಸಲಿಲ್ಲ. ಒಗೆದ ಬಟ್ಟೆ ವಿಂಗಡಿಸುವ ಹಾಗೆ ಇಟ್ಟಳು.

"ಕೈ ಸಿಕ್ಕಿತಾ?" ಅಜ್ಜಿ ಹೊರಗಿನಿಂದ ಕೂಗಿದಳು.

"ಸಿಕ್ಕಿತು."

ನಾನು ಕಣ್ಣು ಮುಚ್ಚಿದೆ. ತೆರೆದಾಗ ಅಮ್ಮನ ಅಂಗೈಯಲ್ಲಿ ಒಂದು ಕೀ ಇತ್ತು. ಅಪ್ಪನ ಗೊಂಚಲಿನಲ್ಲಿದ್ದ, ಹೊಳೆಯುವ, ಚೂಪು ಹಲ್ಲಿನ ವ್ಯಾನಿನ ಕೀ. ನಾನು ಸೂಟ್‌ಕೇಸಿನೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಹಳೆಯ ಪೇಪರು ಹಾಸಿತ್ತು, ಇನ್ನೇನೂ ಇರಲಿಲ್ಲ. ಹೆದರಿಕೆ ಹೋಯಿತೆಂದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅಷ್ಟು ತಿಂಗಳು ನಮ್ಮ ಮಂಚದಡಿ ಇದ್ದ ಅಪ್ಪ ಆ ಹೊತ್ತಿಗೆ ಪೂರ್ತಿಯಾಗಿ ಹೋದರು.

ಅಮ್ಮ ವ್ಯಾನಿಗೆ ಹತ್ತಿ ಕೀ ಹಾಕಿದಳು. ತಿರುಗಿಸಿದಳು ಎನ್ನುವುದಕ್ಕಿಂತ ಅದು ತಿರುಗಿತು. ಎಂಜಿನ್ನು ಒಂದೇ ಏಟಿಗೆ ಹಿಡಿಯಿತು. ಅಮ್ಮ ಕೀಯ ಮೇಲಿಟ್ಟ ಕೈ ತೆಗೆಯಲಿಲ್ಲ.

"ಅಲ್ಲಿ ಕೂತೇ ಸ್ಟಾರ್ಟ್ ಮಾಡಿದ್ರು ನೋಡು," ಎಂದಳು ನನಗೆ. ನಕ್ಕಳು. ನಗು ಮುಗಿಯುವ ಮೊದಲೇ ಅಳು ಶುರುವಾಯಿತು. ಮರದ ಪೆಟ್ಟಿಗೆ ಬಂದ ದಿನ ಬರಬೇಕಾಗಿದ್ದ ಅಳು ಅದು. ಎಂಜಿನ್ನಿನ ಸದ್ದಿನಲ್ಲಿ ಅಜ್ಜಿಗೆ ಕೇಳಿಸಿತೋ ಇಲ್ಲವೋ, ಅವಳು ಹೂ ಕಟ್ಟುತ್ತಲೇ ಇದ್ದಳು. ನಾನು ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ನನಗೆ ಆಗಲೂ ಅಳು ಬರಲಿಲ್ಲ.

ಮಾವ ಗಿರಾಕಿಯೊಂದಿಗೆ ಬಂದಾಗ ವ್ಯಾನು ಇನ್ನೂ ಸ್ಟಾರ್ಟಿನಲ್ಲೇ ಇತ್ತು. ಅಮ್ಮ ಮುಖ ಒರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇದನ್ನು ಕೊಡುವುದಿಲ್ಲ ಅಣ್ಣ. ಅವರನ್ನು ಸುಮ್ಮನೆ ಕರೆಸಿದ ಹಾಗಾಯಿತು. ಒಳಗೆ ಬನ್ನಿ, ಚಾ ಕುಡಿದು ಹೋಗಿ."

ಮಾವ ಅವಳ ಮುಖ ನೋಡಿ ಚಕ್ಕುಲಿಯ ಕಟ್ಟನ್ನು ನನಗೆ ಕೊಟ್ಟರು.

ಮರುದಿನ ಉಡುಪಿಯ ಗೂಡಂಗಡಿಯಲ್ಲಿ ಅವನು ಹೊಸ ಕೀಯನ್ನು ತಿರುಗಿಸಿ ಮುರುಗಿಸಿ ನೋಡಿ ಖುಷಿಪಟ್ಟ. "ಸಾಹೇಬ್ರು ಬಂದ್ರೇನ್ರಿ ಅಕ್ಕಾರ?"

"ಕೀ ಬಂತು," ಎಂದಳು ಅಮ್ಮ.

ಅವನು ಕೀಯನ್ನು ಯಂತ್ರಕ್ಕೆ ಸಿಕ್ಕಿಸಿದ. ಅದರ ಅಚ್ಚಿನಲ್ಲಿ ಇನ್ನೊಂದು ಕೊರೆದುಕೊಟ್ಟ. ಆಮೇಲಿನ ವರ್ಷಗಳೆಲ್ಲ ವ್ಯಾನು ಓಡಿದ್ದು ಆ ಇನ್ನೊಂದರಲ್ಲಿ. ಅಪ್ಪನದ್ದನ್ನು ಅಮ್ಮ ಮತ್ತೆ ಬಳಸಲಿಲ್ಲ, ಸವೆದುಹೋಗುತ್ತದೆ ಎಂದು.

ಈಗ ನಾನಿರುವುದು ಮಣಿಪಾಲದಲ್ಲಿ. ಅಜ್ಜಿ ಇಲ್ಲ. ವ್ಯಾನು ತುಕ್ಕು ಹಿಡಿದು, ಕೊನೆಗೆ ಗುಜರಿಯವರು ಬಂದು ಎಳೆದುಕೊಂಡು ಹೋದರು. ಅದರ ಬೀಗವೂ ಅದರ ಜೊತೆ ಹೋಯಿತು. ಅಮ್ಮನ ಸ್ವರ ಆಮೇಲೆ ಮನೆಯೊಳಗೂ ಮೆಲ್ಲಮೆಲ್ಲಗೆ ಬಂದಿತ್ತು, ಈಗ ನನ್ನ ಮಕ್ಕಳನ್ನು ಬೈಯಲು ಧಾರಾಳ ಉಂಟು. ಅವಳು ನಮ್ಮ ಜೊತೆಗೇ ಇದ್ದಾಳೆ. ನನ್ನ ಅಡುಗೆಮನೆಯಲ್ಲಿ ಬೇರೆ ಎಣ್ಣೆ, ಅದು ಯಾವ ಚಳಿಗೂ ಗಟ್ಟಿಯಾಗುವುದಿಲ್ಲ. ಬಸ್ಸಿನ ಹೆಸರು ಓದುವ ಆಟ ನನ್ನ ಮಕ್ಕಳಿಗೆ ಗೊತ್ತಿಲ್ಲ. ಅಪ್ಪನ ಕೀ ಅಮ್ಮನ ಹ್ಯಾಂಡ್‌ಬ್ಯಾಗಿನಲ್ಲಿ ಉಂಟು. ಹಲ್ಲು ಈಗಲೂ ಚೂಪಾಗಿಯೇ ಇವೆ, ಅದು ತೆರೆಯುವಂಥದ್ದು ಮಾತ್ರ ಯಾವುದೂ ಉಳಿದಿಲ್ಲ. ಅಪ್ಪನ ಕೈ ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಅದೊಂದೇ ಕಣ್ಣೆದುರು ಬರುವುದು.

ಈಚೆಗೆ ನಾವು ಹೊಸ ಕಾರು ತೆಗೆದುಕೊಂಡೆವು. ಕೀ ತಿರುಗಿಸುವುದೇ ಇಲ್ಲ, ಗುಂಡಿ ಒತ್ತಿದರೆ ಆಯಿತು. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಸ್ಟೇರಿಂಗಿನ ಬುಡದಲ್ಲೆಲ್ಲ ಹುಡುಕಿದಳು.

"ಕೈ ಎಂತ ಇಲ್ವಾ ಇದಕ್ಕೆ?" ಎಂದಳು, ಅಜ್ಜಿಯ ಹಾಗೆಯೇ.

ಶೋರೂಮಿನ ಹುಡುಗನಿಗೆ ಉತ್ಸಾಹ ಬಂತು. "ಬೇಡ ಆಂಟಿ. ಫೋನಿನಲ್ಲೇ ಎಲ್ಲ ಉಂಟು. ನೀವು ದುಬೈಯಲ್ಲಿ ಕೂತು ಇಲ್ಲಿ ಗಾಡಿ ಸ್ಟಾರ್ಟ್ ಮಾಡಬಹುದು. ನೋಡಿ," ಎಂದು ಹೊರಗೆ ನಿಂತೇ ಫೋನು ಒತ್ತಿದ. ಯಾರೂ ಮುಟ್ಟದೆ ಎಂಜಿನ್ನು ಹಿಡಿಯಿತು.

ಅಮ್ಮ ಸ್ಟೇರಿಂಗಿನ ಬುಡದಿಂದ ಕೈ ತೆಗೆದಳು.

"ಅಲ್ಲಿ ಈಗ ನಮ್ಮವರು ಯಾರೂ ಇಲ್ಲ ಮಗಾ," ಎಂದು ಅವನಿಗೆ ಹೇಳಿ, ಸೀಟ್‌ಬೆಲ್ಟು ಹಾಕಿಕೊಂಡಳು.